ಇರುಳು ಕಡಿಮೆ ಇರುವ ಊರಿಗೆ ಕಾರಿನಲ್ಲಿ

ಕಳೆದ ಬೇಸಿಗೆಯಲ್ಲಿ ಕೇಪ್ ಮೇ ಊರಿನ ಫೆರಿ ಹಡಗಿಗೆ ಕಾರು ಹತ್ತಿಸಿ ಎಂಜಿನ್ ಆರಿಸಿದ ಕೂಡಲೇ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಡೀಸೆಲ್ಲು, ಉಪ್ಪುನೀರು, ಒದ್ದೆ ಕಬ್ಬಿಣ, ಬಿಸಿಯಾದ ರಬ್ಬರು ಎಲ್ಲ ಕಲೆತು ಒಂದಾದ ವಾಸನೆ. ಅದರಲ್ಲಿ ಹಿತವಾದದ್ದು ಏನೂ ಇಲ್ಲ. ಹಿಂದಿನ ಸೀಟಿನಲ್ಲಿದ್ದ ನನ್ನ ಮಕ್ಕಳಿಬ್ಬರೂ ಮೂಗು ಹಿಡಿದುಕೊಂಡು "ಇಟ್ ಸ್ಟಿಂಕ್ಸ್, ಮಾಮ್" ಎಂದು ಕಿಟಕಿ ಏರಿಸಲು ಗೋಗರೆದರು. ನಾನು ಏರಿಸಲಿಲ್ಲ. ಆ ವಾಸನೆಯ ಬೆನ್ನಿಗೇ ಚಟ್ನಿಪುಡಿಯ ಘಾಟು, ಅಪ್ಪನ ತಲೆಗೆ ಹಚ್ಚಿದ ಎಣ್ಣೆಯ ಪರಿಮಳ ಎರಡೂ ಬಂದ ಹಾಗಾಗಿ, ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತೆ. ನಿಮ್ಮಲ್ಲೂ ನನ್ನಂಥವರು ಇದ್ದೀರಿ ಎಂದು ನನಗೆ ಗೊತ್ತು. ಬೆಳೆದ ಮನೆ ಎಂಬುದು ಒಂದು ಅಪಾರ್ಟ್‌ಮೆಂಟ್ ನಂಬರು ಮಾತ್ರವಾಗಿ ಉಳಿದು, ಅಲ್ಲೀಗ ಬೇರೆ ಯಾರದೋ ಕುಕ್ಕರು ಕೂಗುತ್ತಿರುತ್ತದೆ. ಹೋಗಿ ನಿಂತು ಕಣ್ಣು ಒದ್ದೆ ಮಾಡಿಕೊಳ್ಳಲು ನಮಗೊಂದು ಜಗುಲಿಯಿಲ್ಲ. ಲೀಸ್ ಮುಗಿದ ದಿನ ಕಾರ್ಪೆಟ್ಟು ತೊಳೆಸಿ, ಗೋಡೆಯ ಮೊಳೆತೂತುಗಳನ್ನು ಮುಚ್ಚಿ ಬಂದಿರುತ್ತೇವೆ. ಹಾಗಾಗಿ ನಮ್ಮ ನೆನಪುಗಳು ಸಿಕ್ಕಸಿಕ್ಕ ಕಡೆ ಹೀಗೆ ಅಡ್ಡ ಬರುತ್ತವೆ.

ನಮ್ಮ ಮನೆ ಅಮೆರಿಕದ ಪ್ಲೇನ್ಸ್‌ಬರೋದಲ್ಲಿ ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಯಾರ ಮನೆಯಲ್ಲಿ ಹುಳಿ, ಯಾರ ಮನೆಯಲ್ಲಿ ರಾಜ್ಮಾ ಎಂದು ಹೇಳಿಬಿಡಬಹುದಿತ್ತು. ಒಗ್ಗರಣೆಗೆ ಮೊದಲು ಅಮ್ಮ ಬಾಲ್ಕನಿಯ ಬಾಗಿಲು ಸರಿಸಿ, ನನ್ನ ಕೈಗೊಂದು ಟವೆಲು ಕೊಟ್ಟು ಸ್ಮೋಕ್ ಅಲಾರ್ಮಿನ ಕೆಳಗೆ ನಿಲ್ಲಿಸುತ್ತಿದ್ದಳು. ಅದು ಕಿರುಚುವ ಮೊದಲೇ ಬೀಸಿ ಹೊಗೆ ಓಡಿಸುವುದು ನನ್ನ ಪಾಲಿನ ಮನೆಗೆಲಸ. ಬಾಲ್ಕನಿಯಿಂದ ಕಾಣುತ್ತಿದ್ದದ್ದು ಪಾರ್ಕಿಂಗ್ ಲಾಟ್ ಒಂದೇ, ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ಬೆಳಗಿನ ಕಾಫಿ ಹಿಡಿದು ಕಟಕಟೆಗೆ ಒರಗಿ ತಮ್ಮ ಬೂದುಬಣ್ಣದ ಕಾರನ್ನು ನೋಡುತ್ತಾ ನಿಲ್ಲುತ್ತಿದ್ದರು. ಇನ್ನೊಬ್ಬರು ಹೂವಿನ ಕುಂಡ ನೋಡುವ ಪ್ರೀತಿ ಅದರಲ್ಲಿತ್ತು. ಅವರಿಗೆ ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಉಳಿದ ಅಂಕಲ್‌ಗಳೆಲ್ಲ ದಿನದ ಟ್ರಾಫಿಕ್ಕಿಗೆ ಹಿಡಿಶಾಪ ಹಾಕಿದರೆ ಅಪ್ಪ ಮಾತ್ರ "ಕಮ್ಯೂಟ್ ಮಾಡೋ ಹೊತ್ತು ಒಂದೇ ನೋಡಿ ನನ್ನ ಸ್ವಂತದ್ದು" ಎನ್ನುತ್ತಿದ್ದರು. ಭಾನುವಾರ ಬಂದರೆ ಒಂದು ಕಟ್ಟು ವೀಳ್ಯದೆಲೆಗೆಂದು ಒಂದೂವರೆ ಗಂಟೆ ದೂರದ ಜ್ಯಾಕ್ಸನ್ ಹೈಟ್ಸ್ ತನಕ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ವೀಳ್ಯದೆಲೆ ಹತ್ತಿರದ ಅಂಗಡಿಯಲ್ಲೂ ಸಿಗುತ್ತಿತ್ತು, ಮನೆಯಲ್ಲಿ ಎಲೆ ಹಾಕುವವರೂ ಯಾರೂ ಇರಲಿಲ್ಲ. ಅಮ್ಮನೂ ಅದನ್ನು ಯಾವತ್ತೂ ಎತ್ತಿ ಆಡಲಿಲ್ಲ. ಎಲೆಯನ್ನು ದೇವರ ಮುಂದಿಡುತ್ತಿದ್ದಳು.

ನನಗೆ ಹನ್ನೊಂದು ತುಂಬಿದ ವರ್ಷ ಅಪ್ಪ ಮನೆಯೊಳಗೆ ಎಡವತೊಡಗಿದರು. ಸಂಜೆ ದೀಪ ಹಾಕುವ ಮುಂಚೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವರು, ನಾನು ನೆಲದ ಮೇಲೆ ಬಿಟ್ಟ ಸ್ಕೂಲ್ ಬ್ಯಾಗಿಗೆ ಕಾಲು ಸಿಕ್ಕಿಸಿಕೊಳ್ಳುವರು. ಊಟಕ್ಕೆ ಕೂತಾಗ ಪಕ್ಕದಲ್ಲೇ ಇಟ್ಟ ಮಜ್ಜಿಗೆ ಲೋಟ ಕಾಣದೆ ತಟ್ಟಿ ಚೆಲ್ಲುವರು. "ಯಾವ ಲೋಕದಲ್ಲಿದೀರ ರೀ" ಎಂದು ಅಮ್ಮ ರೇಗುತ್ತಿದ್ದಳು. ಒಂದು ಸಂಜೆ ಆಫೀಸಿನಿಂದ ಬರುವಾಗ ನಮ್ಮದೇ ಲಾಟಿನ ಕಟ್ಟೆಗೆ ಟಯರು ಹತ್ತಿಸಿ, ಎಂಜಿನ್ ಆರಿಸಿ, ಕಾರಿನಿಂದ ಇಳಿಯದೆ ಹಾಗೇ ಕೂತುಬಿಟ್ಟರು. ಬಾಲ್ಕನಿಯಿಂದ ನೋಡುತ್ತಿದ್ದ ಅಮ್ಮ ಆ ಹೊತ್ತಿನಿಂದ ರೇಗುವುದನ್ನು ನಿಲ್ಲಿಸಿದಳು. ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೊದಲು ಇರುಳುಗುರುಡು, ಆಮೇಲೆ ನೋಟ ಎರಡೂ ಕಡೆಯಿಂದ ಕಿರಿದಾಗುತ್ತಾ ಬಂದು ಕೊನೆಗೆ ನೇರ ಮುಂದಿರುವುದಷ್ಟೇ ಕಾಣುವುದು, ಅದೂ ಎಷ್ಟು ಕಾಲವೋ ಗೊತ್ತಿಲ್ಲ. ಔಷಧಿ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಔಷಧಿ ಇಲ್ಲ ಎಂದು ಹೇಳುವುದು ಆ ಡಾಕ್ಟರಿಗೂ ಕಷ್ಟವಾಗಿರಬೇಕು. ಸದ್ಯಕ್ಕೆ ಒಳ್ಳೆಯ ಬೆಳಕಿನಲ್ಲಿ ಮಾತ್ರ ಓಡಿಸಬಹುದು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಮುಂದೊಂದು ದಿನ ಬೇಡವೆಂದು ಬರೆದುಕೊಡಲೇಬೇಕಾಗುತ್ತದೆ ಎಂದರು.

ಆ ರಾತ್ರಿಯ ಊಟದಲ್ಲಿ ಅಪ್ಪ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಸರೋಜಾ, ಅವರು ಬರೆದುಕೊಡೋ ತನಕ ನಾನು ಕಾಯಲ್ಲ. ನನ್ನ ಕೈಯಿಂದ ಕಾರಿನ ಕೀ ಯಾರೂ ಕಿತ್ಕೋಬಾರದು. ನಾನೇ ಕೊಡ್ತೀನಿ. ಅದಕ್ಕೆ ಮೊದಲು ಮನಸ್ಸು ತುಂಬೋ ಹಾಗೆ ಒಂದು ಸಲ ಓಡಿಸ್ಬೇಕು." ಅಮ್ಮ ಅನ್ನ ಬಡಿಸುತ್ತಿದ್ದವಳು ಸೌಟನ್ನು ಹಾಗೇ ಹಿಡಿದು ನಿಂತಳು. ಅಪ್ಪ ಹಟ ಹಿಡಿಯುವವರಲ್ಲ, ಹಿಡಿದರೆ ಬಿಡುವವರೂ ಅಲ್ಲ ಎಂದು ಅವಳಿಗೆ ಗೊತ್ತಿತ್ತು.

ಮರುವಾರವೇ ಊಟದ ಮೇಜಿನ ಮೇಲೆ ಯುರೋಪಿನ ಮ್ಯಾಪು ಬಂತು. ಅದು ಎಷ್ಟು ದೊಡ್ಡದಿತ್ತೆಂದರೆ ತಿಂಗಳುಗಟ್ಟಲೆ ನಾವು ಜರ್ಮನಿಯ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡಿದೆವು. ಪೋಲೆಂಡಿನ ಮೇಲೆ ಬಿದ್ದ ಸಾರಿನ ಕಲೆ ಕೊನೆಯವರೆಗೂ ಹೋಗಲಿಲ್ಲ. ಅಮೆರಿಕದ ರಸ್ತೆಗಳು ಏನು ಪಾಪ ಮಾಡಿದ್ದವು ಎಂದು ಅಮ್ಮ ಕೇಳಿದಳು. ಅಪ್ಪನ ಉತ್ತರ ಸಿದ್ಧವಿತ್ತು. ಅಪ್ಪ ಡ್ರೈವಿಂಗ್ ಕಲಿತದ್ದು ಮೈಸೂರಿನಲ್ಲಿ, ಗೆಳೆಯ ಸಾದಿಕ್ ಅವರ ತಂದೆಯ ಅಂಬಾಸಿಡರಿನಲ್ಲಿ, ಬಲಗಡೆ ಕೂತು. ಕಲಿತ ಸೀಟಿನಲ್ಲಿ ಕೂತೇ ಬಿಡಬೇಕು ಎಂಬುದು ಅವರ ಆಸೆ. ಸಾದಿಕ್ ಅಂಕಲ್ ಈಗ ಇಂಗ್ಲೆಂಡಿನ ಪೂರ್ವ ತೀರದ ಕಡೆ ಹಲ್ಲಿನ ಡಾಕ್ಟರು. ಕಾಲೇಜಿನ ದಿನಗಳಲ್ಲಿ ಇಬ್ಬರೂ ಕಾರಿನ ಸಮೇತ ಸಮುದ್ರ ದಾಟಬೇಕೆಂದು ಚಾಮುಂಡಿ ಬೆಟ್ಟದ ಮೇಲೆ ಕೂತು ಮಾತಾಡಿಕೊಂಡಿದ್ದರಂತೆ. ಫೋನಿನಲ್ಲಿ ವಿಷಯ ಕೇಳಿದ ಸಾದಿಕ್ ಅಂಕಲ್ "ನನ್ ಗಾಡಿ ಇದೆಯಲ್ಲೋ ರಾಮು, ತಗೊಂಡು ಹೋಗೋ. ಗೀರು ಬಿತ್ತು ಅಂತ ಲೆಕ್ಕ ಇಡಬೇಡ" ಎಂದರಂತೆ. ಅವರ ಊರಿನ ಹತ್ತಿರದ ಹಾರ್ವಿಚ್ ಬಂದರಿನಿಂದ ಆಗ ಡೆನ್ಮಾರ್ಕಿಗೆ ಕಾರು ಸಾಗಿಸುವ ದೊಡ್ಡ ಫೆರಿ ಹೋಗುತ್ತಿತ್ತು. ಸಂಜೆ ಹೊರಟು ಮರುದಿನ ಮಧ್ಯಾಹ್ನ ತಲುಪುವುದು. ಎಲ್ಲರೂ ಫ್ರಾನ್ಸಿಗೆ ಹೋಗುವಾಗ ನಮಗೇಕೆ ಡೆನ್ಮಾರ್ಕ್ ಎಂದು ನಾನು ಕೇಳಿದೆ. ಅಪ್ಪ ಮ್ಯಾಪಿನ ಮೇಲಿನ ಭಾಗಕ್ಕೆ ಬೆರಳಿಟ್ಟು, "ಜೂನ್ ಕೊನೇಲಿ ಇಲ್ಲಿ ರಾತ್ರಿ ಊಟ ಆದಮೇಲೂ ಬೆಳಕಿರುತ್ತೆ ಪುಟ್ಟೀ. ಕತ್ತಲೆ ಕಂಡರಾಗದವನು ಕತ್ತಲೆ ಕಡಿಮೆ ಇರೋ ಊರಿಗೆ ತಾನೇ ಹೋಗ್ಬೇಕು?" ಎಂದರು. ಹೊರಡುವ ಹೊತ್ತು, ತಲುಪುವ ಹೊತ್ತು, ಸೂರ್ಯ ಮುಳುಗುವ ಹೊತ್ತು ಎಲ್ಲವನ್ನೂ ನೋಡಿ, ಕತ್ತಲಲ್ಲಿ ಒಂದು ಮೈಲಿಯೂ ಓಡಿಸುವಂತಿಲ್ಲ ಎಂಬ ಹಾಗೆ ಅವರು ದಾರಿ ಹೆಣೆದಿದ್ದರು.

ಅಮ್ಮ ಒಪ್ಪಿದಳು, ಆದರೆ ಒಂದು ಷರತ್ತಿನ ಮೇಲೆ. ತನಗೆ ಲೈಸೆನ್ಸ್ ಸಿಗಬೇಕು. ಸಿಗದಿದ್ದರೆ ಯುರೋಪೂ ಇಲ್ಲ, ಗಿರೋಪೂ ಇಲ್ಲ. ಇದನ್ನು ಕೇಳಿ ಅಪ್ಪನೂ ನಾನೂ ಮುಖ ಮುಖ ನೋಡಿಕೊಂಡೆವು. ಯಾಕೆಂದರೆ ಅಮ್ಮನ ಡ್ರೈವಿಂಗು ನಮ್ಮ ಅಪಾರ್ಟ್‌ಮೆಂಟು ಸಾಲಿನಲ್ಲೆಲ್ಲ ಹೆಸರುವಾಸಿಯಾಗಿತ್ತು. ಅಮ್ಮನ ತಂದೆ ಮೈಸೂರು ಕಡೆಯ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ರಜೆಯ ದಿನಗಳಲ್ಲಿ ಮಗಳನ್ನು ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು, ಕೆಲವು ಸ್ಟಾಪುಗಳಲ್ಲಿ ಕೂಗುವ ಕೆಲಸವನ್ನು ಅವಳಿಗೇ ಬಿಡುತ್ತಿದ್ದರು. ಹಾಗಾಗಿ ಅವಳ ರಕ್ತದಲ್ಲಿ ಎರಡು ಮಾತುಗಳು ಇಳಿದುಹೋಗಿದ್ದವು. "ರೈಟ್" ಎಂದರೆ ಹೊರಡು, "ಹೋಲ್ಡಾನ್" ಎಂದರೆ ನಿಲ್ಲಿಸು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಅವಳು ರೋಡ್ ಟೆಸ್ಟಿಗೆ ಹೋದಾಗ, ಪಕ್ಕದಲ್ಲಿ ಕೂತ ಪರೀಕ್ಷಕರು ಬಲಕ್ಕೆ ತಿರುಗಿಸಲು "ರೈಟ್" ಎಂದರು. ಅಮ್ಮ ಹುರುಪಿನಿಂದ ನೇರ ಹೊರಟಳು. ಅವರು ಗಾಬರಿಯಾಗಿ "ರೈಟ್! ರೈಟ್!" ಎಂದರು. ಬಸ್ಸು ತಡವಾದಾಗ ಅವಳ ಅಪ್ಪ ಕೂಗುತ್ತಿದ್ದದ್ದೂ ಹಾಗೆಯೇ. ಅಮ್ಮ ಇನ್ನಷ್ಟು ಒತ್ತಿದಳು. ಕೊನೆಗೆ ಆ ಮನುಷ್ಯ ಸ್ವಲ್ಪ ತಾಳಮ್ಮಾ ಎನ್ನುವ ಅರ್ಥದಲ್ಲಿ "ಹೋಲ್ಡಾನ್, ಹೋಲ್ಡಾನ್" ಎಂದದ್ದೇ ತಡ, ನಟ್ಟನಡು ರಸ್ತೆಯಲ್ಲಿ ಬ್ರೇಕು ತುಳಿದು ನಿಲ್ಲಿಸಿದಳು. ಅವರ ಕನ್ನಡಕ ಡ್ಯಾಶ್‌ಬೋರ್ಡಿನ ಮೇಲೆ ಬಿತ್ತಂತೆ. ಅಂದು ಮನೆಗೆ ಬಂದವಳು ಆಮೇಲೆ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಎಲ್ಲರೂ ಕಾರಿನಲ್ಲೇ ಓಡಾಡುವ ಊರಿನಲ್ಲಿ ಅವಳು ಹಾಲು ತರಲೂ ಅಪ್ಪನನ್ನು ಕಾಯುವವಳಾಗಿದ್ದಳು.

ಆ ಚಳಿಗಾಲದ ಭಾನುವಾರಗಳು ನನ್ನ ಕಣ್ಣಿಗೆ ಕಟ್ಟಿದಂತಿವೆ. ಜ್ಯಾಕ್ಸನ್ ಹೈಟ್ಸ್ ನಿಂತುಹೋಯಿತು. ಅಪ್ಪನ ಆಫೀಸಿನ ಖಾಲಿ ಪಾರ್ಕಿಂಗಿನಲ್ಲಿ, ಅಂಚಿಗೆ ಗುಡ್ಡೆ ಹಾಕಿದ ಹಿಮದ ನಡುವೆ ನಾವು ಮೂವರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಸುತ್ತುತ್ತಿದ್ದೆವು. ಹೀಟರಿನ ಬಿಸಿಗಾಳಿ, ಡಬ್ಬಿಯಲ್ಲಿ ತಣ್ಣಗಾಗುತ್ತಿದ್ದ ಪುಳಿಯೋಗರೆ, ಗಾಜಿನ ಮೇಲೆ ನಮ್ಮ ಉಸಿರಿನ ಮಂಜು. ಅಪ್ಪ ಮೊದಲ ದಿನವೇ ಕಾನೂನು ಮಾಡಿದರು: "ಇನ್ಮೇಲೆ ಈ ಕಾರೊಳಗೆ ಬಲಕ್ಕೆ, ಎಡಕ್ಕೆ ಅಷ್ಟೇ. ರೈಟ್ ಅನ್ನೋ ಮಾತು ನಿಮ್ಮಪ್ಪನ ಬಸ್ಸಿಗೇ ಇರಲಿ." ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನಾನು ಕೂಡ ಬಲ ಯಾವುದು ಎಡ ಯಾವುದು ಎಂದು ಕಲಿಯಬೇಕಾಯಿತು. ಆದರೆ ಪರೀಕ್ಷೆಗೆ ಬರುವವರು ಕನ್ನಡದವರಲ್ಲವಲ್ಲ. ಅದಕ್ಕೆ ಅಮ್ಮನೇ ಉಪಾಯ ಕಂಡುಕೊಂಡಳು. ಬಲಗೈಗೆ ಮಾತ್ರ ಗಾಜಿನ ಬಳೆ ಹಾಕಿಕೊಂಡು ಹೋದಳು. ಅವರು ರೈಟ್ ಎಂದಾಗ ಯಾವ ಕೈ ಸದ್ದು ಮಾಡುತ್ತದೋ ಆ ಕಡೆ ತಿರುಗಿಸುವುದು. ಈ ಸಲದ ಪರೀಕ್ಷಕರು ಹೆಂಗಸು. ಬಳೆ ಚೆನ್ನಾಗಿದೆ ಎಂದು ಹೊಗಳಿ ಪಾಸು ಮಾಡಿದರಂತೆ. ಅಂದು ಮನೆಗೆ ಅಮ್ಮನೇ ಓಡಿಸಿಕೊಂಡು ಬಂದಳು. ಅಪ್ಪ ಪಕ್ಕದಲ್ಲಿ ಕೂತು ನಗುನಗುತ್ತಾ ಇದ್ದರು, ಆದರೆ ಕಾರು ನಿಂತ ಕೂಡಲೇ ಕೈಚಾಚಿ ಕೀಲಿ ಇಸಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಅಮ್ಮ ಅದನ್ನು ನೋಡಿದಳು.

ಸ್ಕೂಲು ಮುಗಿದ ವಾರವೇ ಇಂಗ್ಲೆಂಡಿಗೆ ಹೊರಟೆವು. ಸಾದಿಕ್ ಅಂಕಲ್ ಕಾರು ಹಸಿರು ಬಣ್ಣದ ಸ್ಟೇಷನ್ ವ್ಯಾಗನ್ನು, ಮಂಡಿನೋವಿನ ದೆಸೆಯಿಂದ ಕೊಂಡ ಆಟೋಮ್ಯಾಟಿಕ್ಕು. ಅಪ್ಪ ಬಲಗಡೆಯ ಬಾಗಿಲು ತೆಗೆದು ಕೂತು ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟಾಗ ಅವರ ಬೆನ್ನು ನೆಟ್ಟಗಾದದ್ದು ಹಿಂದಿನಿಂದ ನೋಡುತ್ತಿದ್ದ ನನಗೂ ಕಂಡಿತು. ಸಾದಿಕ್ ಅಂಕಲ್ ಹೊರಗಿನಿಂದ ಕಿಟಕಿಗೆ ಬಗ್ಗಿ, "ಅತ್ತಿಗೆ, ಇವನು ಹೇಳ್ದಂಗೆ ಕೇಳಬೇಡಿ, ನೀವು ಹೇಳ್ದಂಗೆ ಇವನು ಕೇಳ್ಲಿ" ಎಂದು ನಕ್ಕು, ನಾವು ಹೊರಟಮೇಲೆ ರಸ್ತೆಯ ತಿರುವಿನವರೆಗೂ ಕೈ ಎತ್ತಿಕೊಂಡೇ ನಿಂತಿದ್ದರು. ಹಾರ್ವಿಚ್ಚಿನ ಬಿಸಿಲಿನಲ್ಲಿ ಕಾರುಗಳ ಸಾಲು, ಮೋಟಾರ್ ಸೈಕಲ್ಲಿನವರು, ಬಾಯಿ ತೆರೆದು ನಿಂತ ಬಿಳಿಯ ಹಡಗು. ಕಬ್ಬಿಣದ ಇಳಿಜಾರು ಹತ್ತುವಾಗ ಟಯರುಗಳು ಗುಡುಗಿದವು. ಒಳಗೆ ಹೋದದ್ದೇ ಅಪ್ಪ ಮುಂದಿನ ಕಾರಿನ ಕೆಂಪು ದೀಪವನ್ನೇ ಹಿಡಿದುಕೊಂಡು ಬಹಳ ನಿಧಾನವಾಗಿ ಹೋಗಿ ನಿಲ್ಲಿಸಿದರು. ಇಳಿದಾಗ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. "ಶೆಕೆ" ಎಂದರು. ಹಡಗಿನ ಹೊಟ್ಟೆಯಲ್ಲಿ ಚಳಿ ಇತ್ತು.

ಆಮೇಲಿನ ಆ ಸಂಜೆಗಿಂತ ಸುಖದ ಸಂಜೆ ನಮ್ಮ ಮೂವರಿಗೆ ಸಿಕ್ಕಿತ್ತೋ ಇಲ್ಲವೋ. ಮೇಲಿನ ಡೆಕ್ಕಿನ ಬೆಂಚಿನ ಮೇಲೆ ಗಾಳಿಗೆ ಹಾರದಂತೆ ತೊಡೆಯ ಮೇಲೆ ಪೇಪರ್ ತಟ್ಟೆ ಒತ್ತಿಹಿಡಿದು ಚಪಾತಿ, ಚಟ್ನಿಪುಡಿ ತಿಂದೆವು. ಪಕ್ಕದ ಬೆಂಚಿನ ಮುದುಕ ಮುದುಕಿಗೆ ಅಮ್ಮ ತಾನಾಗಿ ಒಂದೊಂದು ಸುರುಳಿ ಕೊಟ್ಟಳು. ಅವರು ಖಾರಕ್ಕೆ ಕಣ್ಣೀರು ಹಾಕಿಕೊಂಡೇ ಪೂರ್ತಿ ತಿಂದರು. ಬೆಳಕು ಮುಗಿಯಲೊಲ್ಲದೆ ನೀರಿನ ಮೇಲೆ ಹರಡಿಕೊಂಡೇ ಇತ್ತು. ಅಪ್ಪ ಕಟಕಟೆ ಹಿಡಿದು, ತಲೆಯನ್ನು ಆ ಕಡೆಯಿಂದ ಈ ಕಡೆಗೆ ಮೆಲ್ಲಗೆ ತಿರುಗಿಸುತ್ತಾ ಇಡೀ ಸಮುದ್ರವನ್ನು ಚೂರು ಚೂರಾಗಿ ಒಟ್ಟುಮಾಡಿಕೊಂಡು ನೋಡುತ್ತಿದ್ದರು. ನಾಳೆಯಿಂದ ದಿನವಿಡೀ ತಾವೇ ಓಡಿಸುವುದೆಂದು ಅಮ್ಮನಿಗೆ ಊರುಗಳ ಹೆಸರು ಹೇಳುತ್ತಿದ್ದರು.

ಎಲ್ಲ ಲೆಕ್ಕ ಹಾಕಿದ್ದ ಅಪ್ಪ ಒಂದನ್ನು ಮರೆತಿದ್ದರು. ಹಡಗು ತಲುಪುವುದು ಮಧ್ಯಾಹ್ನದ ಬಿಸಿಲಿಗೇ ಆದರೂ ಕಾರು ಇರುವುದು ಹಡಗಿನ ಹೊಟ್ಟೆಯಲ್ಲಿ, ಅಲ್ಲಿ ಹಗಲೆಂಬುದೇ ಇಲ್ಲ. ಮರುದಿನ ಮೆಟ್ಟಿಲಿಳಿದು ಕಾರಿನಲ್ಲಿ ಕೂತೆವು. ಸುತ್ತಲೂ ಎಂಜಿನ್ನುಗಳು ಒಂದೊಂದಾಗಿ ಎದ್ದವು, ಡೀಸೆಲ್ ಹೊಗೆ ತುಂಬಿತು. ದೂರದಲ್ಲಿ ಬಾಗಿಲು ತೆರೆದುಕೊಂಡಿತು. ಬೆಳ್ಳನೆಯ ಬೆಳಕಿನ ಒಂದು ಚೌಕ. ಆ ಪ್ರಖರವಾದ ಬೆಳಕು, ಅದರ ಸುತ್ತಲಿನ ಕತ್ತಲು ಎರಡೂ ಒಟ್ಟಿಗೆ ಸೇರಿ ಅಪ್ಪನ ಕಣ್ಣನ್ನು ಪೂರ್ತಿ ಕಟ್ಟಿಹಾಕಿದವು. ನಮ್ಮ ಸಾಲು ಕದಲಿತು. ಕಿತ್ತಳೆ ಅಂಗಿಯ ಹಡಗಿನ ಹುಡುಗ ನಮಗೆ ಕೈಬೀಸಿ ಕರೆದ. ಅಪ್ಪ ಕದಲಲಿಲ್ಲ. ಹಿಂದಿನ ಲಾರಿ ಹಾರ್ನ್ ಹೊಡೆಯಿತು. "ಸರೋಜಾ, ಏನೂ ಕಾಣಿಸ್ತಾ ಇಲ್ಲ ಕಣೇ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಪಕ್ಕದ ಸಾಲಿನ ಕಾರುಗಳೂ ಹೊರಟು ಎಷ್ಟು ಒತ್ತಾಗಿ ಹಾದುಹೋಗುತ್ತಿದ್ದವೆಂದರೆ ಬಾಗಿಲು ತೆಗೆದು ಇಳಿಯುವಂತಿರಲಿಲ್ಲ. ಅಮ್ಮ ಸೀರೆಯ ಸೆರಗು ಬಿಗಿದು ಸಿಕ್ಕಿಸಿದಳು. "ಹಿಂದಕ್ಕೆ ಹೋಗಿ" ಎಂದಳು. ಅಪ್ಪ ಸೀಟನ್ನು ಮಲಗಿಸಿ, ತೆವಳಿ, ನನ್ನ ಮೇಲೆಯೇ ಬಿದ್ದು ಹಿಂದಕ್ಕೆ ಬಂದರು. ಅಮ್ಮ ಗೇರಿನ ಹಿಡಿಯ ಮೇಲಿನಿಂದ ಕಾಲು ದಾಟಿಸಿ ಬಲಗಡೆಗೆ ಹೋಗಿ ಕೂತಳು. ಬಲಗಡೆ ಕೂತು ಅವಳು ಯಾವತ್ತೂ ಓಡಿಸಿದವಳಲ್ಲ. ಕಾರಿನ ಎಡ ಮೂಲೆ ಎಲ್ಲಿ ಮುಗಿಯುತ್ತದೆಂಬ ಅಂದಾಜು ಅವಳಿಗಿರಲಿಲ್ಲ. ನಾನು ಮುಂದಿನ ಎರಡೂ ಸೀಟುಗಳ ನಡುವೆ ತಲೆ ತೂರಿಸಿ ಎಡಗಡೆಯ ಕಬ್ಬಿಣದ ಕಂಬವನ್ನು ನೋಡಿದೆ, ಜಾಗ ಇತ್ತು. ನನ್ನ ಬಾಯಿಂದ ಇಂಗ್ಲಿಷು ಬರಲಿಲ್ಲ, ಅಪ್ಪ ಮಾಡಿದ ಕಾನೂನೂ ನೆನಪಾಗಲಿಲ್ಲ. ನಾನು ಕಂಡೇ ಇರದ ಆ ಕಂಡಕ್ಟರ್ ಅಜ್ಜನ ಮಾತು ಬಂತು. "ರೈಟ್! ರೈಟ್! ಹೋಗ್ಲಿ!" ಎಂದು ಕೂಗಿದೆ. ಅಮ್ಮನ ಕಾಲು ತಾನಾಗಿ ಒತ್ತಿತು. ಕಾರು ಮುಂದೆ ಹೋಯಿತು, ಕಂಬ ದಾಟಿತು, ಇಳಿಜಾರಿನ ತುದಿಗೆ ಬಂತು. ಅಷ್ಟರಲ್ಲಿ ಮುಂದಿನ ಗಾಡಿ ಗಕ್ಕನೆ ನಿಂತಿತು. ಕಿತ್ತಳೆ ಅಂಗಿಯವನು ಎರಡೂ ಕೈ ಎತ್ತಿ "ಹೋಲ್ಡಾನ್!" ಎಂದು ಕಿರುಚಿದ. ಬೇರೆ ಯಾರೇ ಆಗಿದ್ದರೂ ಒಂದು ಗಳಿಗೆ ತಡೆದು ಯೋಚಿಸುತ್ತಿದ್ದರೇನೋ. ಅಮ್ಮ ಯೋಚಿಸಲಿಲ್ಲ, ಬ್ರೇಕು ತುಳಿದಳು. ಮುಂದಿನ ಗಾಡಿಗೂ ನಮಗೂ ನಡುವೆ ಒಂದು ಗೇಣು ಉಳಿದಿತ್ತು.

ಹೊರಗೆ ಬಿಸಿಲು ಚೆಲ್ಲಿತ್ತು. ಬಂದರಿನ ಗೇಟು ದಾಟಿ ಒಂದು ಬದಿಗೆ ನಿಲ್ಲಿಸಿದಾಗ ಅಮ್ಮನ ಮುಖದಲ್ಲಿ ಒಂದು ಗೆಲುವಿತ್ತು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಅಪ್ಪ ಮಾತ್ರ ಕಿಟಕಿಯ ಕಡೆ ತಿರುಗಿಕೊಂಡಿದ್ದರು. "ಮುಗೀತು. ಕೀ ನೀನೇ ಇಟ್ಕೋ. ನಾನು ಅಂದ್ಕೊಂಡಿದ್ದು ಹೀಗಲ್ಲ" ಎಂದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಒಂದು ವರ್ಷದಿಂದ ಮ್ಯಾಪಿನ ಮೇಲೆ ಬೆರಳಾಡಿಸಿದ್ದೆಲ್ಲ ಒಂದು ಕತ್ತಲೆ ಕೋಣೆಯಲ್ಲಿ, ಲಾರಿಯ ಹಾರ್ನಿಗೆ ಹೆದರಿ, ಹಿಂದಿನ ಸೀಟಿಗೆ ತೆವಳುವುದರಲ್ಲಿ ಕೊನೆಯಾಗಿತ್ತು. ಅಮ್ಮ ಕನ್ನಡಿಯಲ್ಲಿ ಅವರನ್ನು ನೋಡಿದಳು. ಮ್ಯಾಪು ನನ್ನ ಕೈಗೆ ಕೊಟ್ಟು, ಅಪ್ಪ ಮೊದಲ ದಿನಕ್ಕೆಂದು ಗುರುತು ಹಾಕಿದ್ದ ಜಾಗ ಹುಡುಕಲು ಹೇಳಿದಳು. ಅದು ಬಂದರಿನ ಎದುರಿಗೇ ಇದ್ದ ಫಾನೋ ಎಂಬ ಸಣ್ಣ ದ್ವೀಪ. ಇನ್ನೊಂದು ಪುಟ್ಟ ಫೆರಿ, ಇದಕ್ಕೆ ಮೇಲೆ ಚಾವಣಿಯಿಲ್ಲ. ಅಮ್ಮ ತಾನೇ ಕಾರು ಹತ್ತಿಸಿದಳು, ತಾನೇ ಇಳಿಸಿದಳು. ಹುಲ್ಲಿನ ದಿಬ್ಬಗಳ ನಡುವಿನ ರಸ್ತೆ ಸೀದಾ ಹೋಗಿ ಸಮುದ್ರದ ಅಂಚಿನ ಮರಳಿಗೆ ಸೇರಿತು. ಅಲ್ಲಿ ಮರಳು ಗಟ್ಟಿ, ಕಾರು ಓಡಿಸಲು ಬಿಡುತ್ತಾರೆ. ಕಂಬವಿಲ್ಲ, ಕಟ್ಟೆಯಿಲ್ಲ, ಗೆರೆಯಿಲ್ಲ, ಎಡಕ್ಕೂ ಬಲಕ್ಕೂ ಏನೂ ಇಲ್ಲ. ಪಕ್ಕದ ನೋಟವೇ ಬೇಡದ ರಸ್ತೆ ಭೂಮಿಯ ಮೇಲೆ ಎಲ್ಲಾದರೂ ಇದೆಯೇ ಎಂದು ಅಪ್ಪ ಎಷ್ಟು ಹುಡುಕಿರಬೇಕು ಎಂದು ಈಗ ಅನಿಸುತ್ತದೆ.

ಅಮ್ಮ ಎಂಜಿನ್ ಆರಿಸಿ ಇಳಿದು, ಹಿಂದಿನ ಬಾಗಿಲು ತೆಗೆದು, ಕೀಲಿಯನ್ನು ಅಪ್ಪನ ತೊಡೆಯ ಮೇಲಿಟ್ಟಳು. "ಹಡಗಿನ ಹೊಟ್ಟೆಲಿ, ಕತ್ತಲಲ್ಲಿ, ಗಾಬರೀಲಿ ಕೊಟ್ಟಿದ್ದನ್ನ ನಾನು ಇಸ್ಕೊಂಡಿಲ್ಲ. ಕೊಡೋದಿದ್ರೆ ಬೆಳಕಲ್ಲಿ ಕೊಡಿ. ಏಳಿ." ಅಪ್ಪ ಬೇಡವೆಂದರು. ಅಮ್ಮ ಬಾಗಿಲು ಹಿಡಿದುಕೊಂಡು ಹಾಗೇ ನಿಂತಳು. ಗಾಳಿಗೆ ಅವಳ ಸೀರೆ ಪಟಪಟ ಬಡಿದುಕೊಳ್ಳುತ್ತಿತ್ತು, ದೂರದಲ್ಲಿ ಗಾಳಿಪಟ ಹಾರಿಸುತ್ತಿದ್ದವರು ತಿರುಗಿ ನೋಡುತ್ತಿದ್ದರು, ಅವಳು ಜಗ್ಗಲಿಲ್ಲ. ಕೊನೆಗೆ ಅಪ್ಪ ಇಳಿದು ಬಲಗಡೆ ಹೋಗಿ ಕೂತರು.

ಮೊದಲು ಮೆಲ್ಲಗೆ, ಆಮೇಲೆ ಸರಾಗವಾಗಿ ಓಡಿಸಿದರು. ಕಿಟಕಿಗಳನ್ನೆಲ್ಲ ಇಳಿಸಿದ್ದೆವು. ಟಯರಿನ ಅಡಿ ಮರಳು ಸಣ್ಣಗೆ ಸದ್ದು ಮಾಡುತ್ತಿತ್ತು, ಉಪ್ಪುಗಾಳಿ ಮುಖಕ್ಕೆ ಬಡಿಯುತ್ತಿತ್ತು, ಅಪ್ಪನ ಕೂದಲು ಎದ್ದು ನಿಂತಿತ್ತು. ಮರಳಿನ ಬಯಲು ಮುಗಿಯುವ ಕಡೆ ದೊಡ್ಡದಾಗಿ ತಿರುಗಿಸಿಕೊಂಡು ಮತ್ತೆ ಬಂದರು, ಮತ್ತೆ ಹೋದರು. ಅಮ್ಮ ಒಂದು ಸಲವೂ ಸಾಕು ಎನ್ನಲಿಲ್ಲ. ಪೆಟ್ರೋಲಿನ ಮುಳ್ಳಿನ ಕಡೆ ನೋಡಿದವಳು ನೋಡದವಳ ಹಾಗೆ ಕೂತಿದ್ದಳು. ಅಪ್ಪನ ಮುಖದ ಮೇಲೆ ಒಂದು ನಗು ನಿಂತಿತ್ತು. ಎಷ್ಟು ಸುತ್ತು ಹೊಡೆದರೋ ನಾನು ಎಣಿಸಲಿಲ್ಲ. ಒಂದು ಸುತ್ತಿನ ನಡುವೆ, ಯಾರೂ ಹೇಳದೆ, ನೀರಿಗೆ ಎದುರಾಗಿ ಕಾರು ನಿಲ್ಲಿಸಿದರು. ಕೀಲಿ ತೆಗೆದು ಅಮ್ಮನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದರು. ಇಳಿದು, ಬಾನೆಟ್ಟಿನ ಮೇಲೆ ಕೈಯಾಡಿಸಿಕೊಂಡು ಸುತ್ತಿ ಬಂದು, ಅಮ್ಮ ಬಿಟ್ಟ ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಅಮ್ಮ ಕಾರು ಹೊರಡಿಸಿದ ಮೇಲೆ, "ಎಡಗಡೆ ಏನಿದೆ, ಹೇಳು" ಎಂದರು. "ಹುಲ್ಲಿನ ದಿಬ್ಬ ಇದೆ ರೀ. ಅದರ ಮೇಲೊಂದು ಮಗು ಕೂತಿದೆ, ಕೆಂಪು ಟೋಪಿ" ಎಂದು ಅಮ್ಮ ಶುರು ಮಾಡಿದಳು.

ಅವಳು ಜರ್ಮನಿ, ಹಾಲೆಂಡು ದಾಟಿ ಮತ್ತೆ ಹಾರ್ವಿಚ್ ತಲುಪುವವರೆಗೂ ಹೇಳುತ್ತಲೇ ಇದ್ದಳು. ಪ್ಲೇನ್ಸ್‌ಬರೋಗೆ ಮರಳಿದ ಮೇಲೂ ನಿಲ್ಲಿಸಲಿಲ್ಲ. ಅಪ್ಪನನ್ನು ಆಫೀಸಿಗೆ ಬಿಡುವಾಗ, ಬ್ರಿಡ್ಜ್‌ವಾಟರಿನ ದೇವಸ್ಥಾನಕ್ಕೆ ಹೋಗುವಾಗ, ಭಾನುವಾರಗಳಲ್ಲಿ ಮತ್ತೆ ಶುರುವಾದ ವೀಳ್ಯದೆಲೆಯ ನೆಪದ ಪ್ರಯಾಣಗಳಲ್ಲಿ ಅವಳದು ಒಂದೇ ಕೆಲಸ. ಮೇಪಲ್ ಮರ ಕೆಂಪಾಗಿದೆ, ಪೊಲೀಸು ಯಾರನ್ನೋ ಹಿಡಿದಿದ್ದಾನೆ, ಆ ಮನೆಯವರು ಬಾಗಿಲಿಗೆ ಹಳದಿ ಬಣ್ಣ ಹೊಡೆಸಿದ್ದಾರೆ, ಏನು ಕರ್ಮವೋ. ಅಪ್ಪನಿಗೆ ನೇರ ಮುಂದಿನದೂ ಹೋದ ಮೇಲೆ ಎರಡೂ ಕಡೆಯದನ್ನು, ಮುಂದಿನದನ್ನು ಎಲ್ಲ ಅವಳೇ ಹೇಳುವಳು. ಆ ಹಡಗು ಈಗ ಓಡುವುದಿಲ್ಲ. ಆ ಅಪಾರ್ಟ್‌ಮೆಂಟು ನಮ್ಮದಲ್ಲ. ಅಪ್ಪ ಹೋಗಿ ಕೆಲವು ವರ್ಷಗಳಾದವು. ಆಸ್ಪತ್ರೆಯಲ್ಲಿ ಕೊನೆಯ ಮಧ್ಯಾಹ್ನವೂ ಅಮ್ಮ ಕಿಟಕಿಯ ಹೊರಗೆ ಏನಿದೆಯೆಂದು ಹೇಳುತ್ತಿದ್ದಳು.

ಅಮ್ಮ ಈಗಲೂ ತಾನೇ ಕಾರು ಓಡಿಸುತ್ತಾಳೆ. ಕೆಲವು ಸಲ ನಾನು ಪಕ್ಕದಲ್ಲಿ ಕೂರುತ್ತೇನೆ. ಎರಡೂ ಬದಿಗೆ ಮರಗಳು, ಅಂಗಡಿಗಳು, ಜನ, ಎಲ್ಲ ಇರುತ್ತವೆ. ಅವಳು ಒಂದು ಮಾತೂ ಆಡುವುದಿಲ್ಲ. ನನಗೆ ಕಣ್ಣು ಕಾಣುತ್ತದಲ್ಲ.